ಎಸಿ ಹಾಕುವುದೂ ಒಂದು ಕಸುಬು

ಎಸಿ ಕೊಳ್ಳುವಾಗ ಜನ ಬ್ರ್ಯಾಂಡ್ ನೋಡುತ್ತಾರೆ, ಎಷ್ಟು ಟನ್ ಬೇಕು ಎಂದು ಕೇಳುತ್ತಾರೆ, ಕರೆಂಟ್ ಎಷ್ಟು ತಿನ್ನುತ್ತದೆ ಎಂದು ಹತ್ತು ಕಡೆ ವಿಚಾರಿಸುತ್ತಾರೆ. ಅದನ್ನು ಗೋಡೆಗೆ ಹಾಕಲು ಬರುವವರು ಯಾರು, ಹೇಗೆ ಹಾಕುತ್ತಾರೆ ಎಂದು ಕೇಳುವವರು ಬಹಳ ಕಮ್ಮಿ. ಇಬ್ಬರು ಬರುತ್ತಾರೆ, ಗೋಡೆ ಕೊರೆಯುತ್ತಾರೆ, ರಿಮೋಟ್ ಒತ್ತಿ ತಣ್ಣನೆ ಗಾಳಿ ತೋರಿಸುತ್ತಾರೆ, ಹೊರಡುತ್ತಾರೆ. ತಣ್ಣಗೆ ಬಂತಲ್ಲ, ಮುಗೀತು.

ನಾನು ಇದೇ ಕೆಲಸದವನು, ಹಾಗಾಗಿ ನೇರವಾಗಿ ಹೇಳುತ್ತೇನೆ. ಮೊದಲ ದಿನ ತಣ್ಣಗೆ ಬರುವುದು ದೊಡ್ಡ ವಿಷಯವೇ ಅಲ್ಲ. ಎಷ್ಟೇ ಕೆಟ್ಟದಾಗಿ ಹಾಕಿದ್ದರೂ ಮೊದಲ ದಿನ ತಣ್ಣಗೆ ಬರುತ್ತದೆ. ಫ್ಯಾಕ್ಟರಿಯಿಂದ ಬರುವುದು ಎರಡು ಬಿಡಿ ಭಾಗ, ಒಳಗಿನದು ಮತ್ತು ಹೊರಗಿನದು. ಗ್ಯಾಸ್ ಓಡಾಡುವ ದಾರಿ ಪೂರ್ತಿಯಾಗುವುದು ನಿಮ್ಮ ಮನೆಯಲ್ಲಿ. ಸಾಮಾನ್ಯವಾಗಿ ನಾಲ್ಕು ಜಾಯಿಂಟ್, ಒಳಗೆ ಎರಡು, ಹೊರಗೆ ಎರಡು. ಅಷ್ಟೂ ದೊಡ್ಡ ಕಾರ್ಖಾನೆ, ಅಷ್ಟೊಂದು ಪರೀಕ್ಷೆ, ಎಲ್ಲ ಆದಮೇಲೆ ಕೊನೆಯ ನಾಲ್ಕು ಜಾಯಿಂಟನ್ನು ಮಾಡುವವನು ಏಣಿಯ ಮೇಲೆ ಒಂದು ಕಾಲಿಟ್ಟು ನಿಂತಿರುವ ಮನುಷ್ಯ.

ಆ ಜಾಯಿಂಟನ್ನು ಹತ್ತಿರದಿಂದ ನೋಡೋಣ. ಕಾಪರ್ ಪೈಪನ್ನು ಕಟರ್‌ನಿಂದ ಕತ್ತರಿಸುತ್ತೇವೆ. ಕಟರಿನ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಸುತ್ತಿಸಬೇಕು, ಅವಸರ ಮಾಡಿ ಒತ್ತಿದರೆ ಪೈಪಿನ ದುಂಡು ಕೆಡುತ್ತದೆ. ಕತ್ತರಿಸಿದ ಬಾಯಿಯ ಒಳಗಡೆ ತೆಳುವಾದ ತಾಮ್ರದ ಅಂಚು ಎದ್ದಿರುತ್ತದೆ. ಅದನ್ನು ರೀಮರ್ ಹಾಕಿ ಕೆರೆದು ತೆಗೆಯಬೇಕು, ಆಗ ಪೈಪಿನ ಬಾಯಿ ಕೆಳಮುಖವಾಗಿರಬೇಕು. ಯಾಕೆಂದರೆ ಮೇಲ್ಮುಖವಾಗಿದ್ದರೆ ಆ ಪುಡಿ ಒಳಗೆ ಬೀಳುತ್ತದೆ, ಒಳಗೆ ಬಿದ್ದದ್ದು ಒಂದಲ್ಲ ಒಂದು ದಿನ ವಾಲ್ವಿಗೋ ಕಂಪ್ರೆಸರಿಗೋ ಹೋಗಿ ಸೇರುತ್ತದೆ. ಆಮೇಲೆ ನಟ್ ತೂರಿಸಬೇಕು. ಹೊಸಬರು ಮರೆಯುವುದು ಇದನ್ನೇ, ಬಾಯಿ ಅಗಲ ಮಾಡಿದ ಮೇಲೆ ನಟ್ ಕೈಯಲ್ಲೇ ಉಳಿದಿರುತ್ತದೆ, ಮತ್ತೆ ಕತ್ತರಿಸು. ಫ್ಲೇರ್ ಮಾಡಿದ ಮೇಲೆ, ಅಂದರೆ ಪೈಪಿನ ಬಾಯಿಯನ್ನು ಹೊರಕ್ಕೆ ಅಗಲಿಸಿದ ಮೇಲೆ, ಅದರ ಮುಖವನ್ನು ಟಾರ್ಚ್ ಬಿಟ್ಟು ನೋಡಬೇಕು. ಸುತ್ತಲೂ ಒಂದೇ ಅಗಲ ಇರಬೇಕು, ಗೀರು ಇರಬಾರದು, ಸಣ್ಣ ಸೀಳೂ ಇರಬಾರದು. ಸರಿ ಕಾಣದಿದ್ದರೆ ಕತ್ತರಿಸಿ ಬಿಸಾಡು, ಮತ್ತೆ ಮಾಡು. ಒಂದು ಇಂಚು ಪೈಪ್ ಹೋದರೆ ಗಂಟೇನೂ ಮುಳುಗುವುದಿಲ್ಲ.

ನಟ್ ಕೂರಿಸುವಾಗ ಮೊದಲ ಸುತ್ತುಗಳು ಬೆರಳಲ್ಲೇ ಹೋಗಬೇಕು. ಬೆರಳಲ್ಲಿ ತಿರುಗದೆ ಸ್ಪ್ಯಾನರ್ ಬೇಕಾಯಿತು ಎಂದರೆ ನಟ್ಟಿನ ಎಳೆ (ಥ್ರೆಡ್) ಅಡ್ಡ ಕೂತಿದೆ ಎಂದೇ ಅರ್ಥ. ಕೊನೆಯ ಬಿಗಿಗೆ ಟಾರ್ಕ್ ರೆಂಚ್ ಇದೆ, ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್. ಕಾಲು ಇಂಚಿನ ಪೈಪಿಗೆ ಸುಮಾರು 14ರಿಂದ 18 ನ್ಯೂಟನ್ ಮೀಟರ್ ಸಾಕು. ಇದು ತೀರಾ ಕಡಿಮೆ ಬಿಗಿ, ದೊಡ್ಡ ಸ್ಪ್ಯಾನರ್ ಹಿಡಿದ ಗಟ್ಟಿ ತೋಳಿಗೆ ಅದರ ಅಂದಾಜೇ ಸಿಗುವುದಿಲ್ಲ. "ಇನ್ನೊಂದು ಎಳೆತ ಇರಲಿ" ಎಂದು ಎಳೆದರೆ ಫ್ಲೇರ್ ತೆಳುವಾಗುತ್ತದೆ. ಅವತ್ತು ಸೋರುವುದಿಲ್ಲ. ಬಿಸಿ, ತಂಪು, ಅದುರು ಎಲ್ಲ ತಿಂದು ಮುಂದೊಂದು ದಿನ ಬಿರಿಯುತ್ತದೆ, ಆಗ ಎಲ್ಲರೂ ಬೈಯುವುದು ಕಂಪನಿಯನ್ನು.

ಇನ್ನು ವ್ಯಾಕ್ಯೂಮ್. ಈ ಕೆಲಸದಲ್ಲಿ ಅತಿ ಹೆಚ್ಚು ಕಳ್ಳಾಟ ನಡೆಯುವುದು ಇಲ್ಲೇ.

ಪೈಪ್ ಜೋಡಿಸಿದಾಗ ಅದರೊಳಗೆ ಗಾಳಿ ಇರುತ್ತದೆ, ಗಾಳಿಯಲ್ಲಿ ತೇವ ಇರುತ್ತದೆ. ಗಾಳಿ ಒಳಗೇ ಉಳಿದರೆ ಒತ್ತಡ ಏರುತ್ತದೆ, ಕಂಪ್ರೆಸರ್ ಸುಮ್ನೆ ಒದ್ದಾಡುತ್ತದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ತೇವದ ಕಥೆ ಇನ್ನೂ ಕೆಟ್ಟದು. ಆರ್-410ಎ ಅಥವಾ ಆರ್-32 ಗ್ಯಾಸಿನ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಎಸ್ಟರ್ ಎಣ್ಣೆ ನೀರನ್ನು ಬೇಗ ಹೀರುತ್ತದೆ, ನೀರು ಸೇರಿ ಆಸಿಡ್ ಆಗುತ್ತದೆ, ಆ ಆಸಿಡ್ ಕಂಪ್ರೆಸರನ್ನು ಒಳಗಿನಿಂದಲೇ ತಿನ್ನುತ್ತದೆ. ಅದಕ್ಕೇ ಪಂಪ್ ಹಾಕಿ ಎಲ್ಲವನ್ನೂ ಎಳೆದು ತೆಗೆಯಬೇಕು. ಈ ಒತ್ತಡವನ್ನು ನಾವು ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ. ಸಾಮಾನ್ಯ ಗಾಳಿಯ ಒತ್ತಡ 7,60,000 ಮೈಕ್ರಾನ್. ನಾವು ಇಳಿಯಬೇಕಾದದ್ದು 500ಕ್ಕೆ, ಸಾಧ್ಯವಾದರೆ ಇನ್ನೂ ಕೆಳಗೆ. 25 ಡಿಗ್ರಿ ಬಿಸಿಯಲ್ಲಿ ಒತ್ತಡ ಸುಮಾರು 24,000 ಮೈಕ್ರಾನಿಗೆ ಇಳಿದರೆ ನೀರು ಕುದಿಯತೊಡಗುತ್ತದೆ. ಪೈಪಿನೊಳಗೆ ಅಂಟಿರುವ ತೇವ ಹಾಗೆ ಆವಿಯಾಗಿ ಹೊರಗೆ ಬರುತ್ತದೆ. ನನಗೆ ಇವತ್ತಿಗೂ ಇದು ಸೋಜಿಗವೇ, ಬೆಂಕಿಯಿಲ್ಲ, ಶಾಖವಿಲ್ಲ, ನೀರು ಕುದಿದು ಹೋಗುತ್ತದೆ.

ಮುಳ್ಳಿನ ಗೇಜ್ ನೋಡಿದರೆ ಸ್ವಲ್ಪ ಹೊತ್ತಿಗೇ ಮುಳ್ಳು ಕೊನೆಗೆ ಬಂದು ನಿಂತಿರುತ್ತದೆ, ಆಯ್ತು ಎನಿಸುತ್ತದೆ. 5,000 ಮೈಕ್ರಾನಿಗೂ 500ಕ್ಕೂ ಇರುವ ವ್ಯತ್ಯಾಸ ಆ ಮುಳ್ಳಿಗೆ ಗೊತ್ತೇ ಆಗುವುದಿಲ್ಲ. ಡಿಜಿಟಲ್ ಮೈಕ್ರಾನ್ ಗೇಜ್ ಬೇಕು. 500ಕ್ಕೆ ಬಂದ ಮೇಲೆ ಪಂಪಿನ ಕಡೆಯ ವಾಲ್ವ್ ಮುಚ್ಚಿ ಕಾಯಬೇಕು. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ಇನ್ನೂ ತೇವ ಇದೆ, ಪಂಪ್ ಇನ್ನಷ್ಟು ಓಡಲಿ. ನಿಲ್ಲದೆ ಏರುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ಏರದೆ ಅಲ್ಲೇ ಇದ್ದರೆ ಗ್ಯಾಸ್ ಬಿಡಬಹುದು. ಈ ಕಾಯುವ ಹೊತ್ತಿನಲ್ಲೇ ಮನೆಯವರು ಬಂದು "ಏನ್ರೀ, ಸುಮ್ನೆ ಕೂತಿದ್ದೀರಲ್ಲ, ಆಯ್ತಾ?" ಎನ್ನುತ್ತಾರೆ. ತಪ್ಪು ಅವರದಲ್ಲ, ನೋಡುವವರಿಗೆ ಅದು ಸುಮ್ನೆ ಕೂತಂತೆಯೇ ಕಾಣುತ್ತದೆ.

ಪಂಪೇ ತರದವರೂ ಇದ್ದಾರೆ. ವಾಲ್ವ್ ಸ್ವಲ್ಪ ತೆರೆದು, ಯಂತ್ರದ ಗ್ಯಾಸಿನಿಂದಲೇ ಗಾಳಿಯನ್ನು ತಳ್ಳಿ ಹೊರಗೆ ಬಿಡುತ್ತಾರೆ. ಪುಸ್ ಎಂದಿತು, ಮುಗೀತು. ಗಾಳಿಯೇನೋ ಬಹಳಷ್ಟು ಹೋಗುತ್ತದೆ, ಪೈಪಿಗೆ ಹತ್ತಿದ ತೇವ ಉಳಿಯುತ್ತದೆ. ಮೇಲಾಗಿ ಆರ್-32 ಬೆಂಕಿ ಹತ್ತಿಕೊಳ್ಳಬಲ್ಲ ಗ್ಯಾಸ್, ಕೋಣೆಯಲ್ಲೋ ಬಾಲ್ಕನಿಯಲ್ಲೋ ಅದನ್ನು ಹಾಗೆ ಬಿಡುವುದು ಹುಡುಗಾಟವಲ್ಲ. ಇಂಥವರನ್ನು ಕಂಡರೆ ನನಗೆ ಕೋಪ ಬರುತ್ತದೆ, ಮುಚ್ಚಿಟ್ಟು ಏನು ಪ್ರಯೋಜನ.

ಡ್ರೈನ್ ಪೈಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರು ಇಳಿಜಾರಿಗೆ ಹರಿಯುತ್ತದೆ, ಅಷ್ಟೇ. ಮೀಟರಿಗೆ ಕನಿಷ್ಠ ಒಂದು ಸೆಂಟಿಮೀಟರ್ ಇಳಿಕೆ ಕೊಡಿ, ಗೋಡೆಯ ತೂತು ಹೊರಗಡೆಗೆ ತುಸು ಇಳಿದಿರಲಿ, ಒಳಗಿನ ಯೂನಿಟ್ಟಿಗೆ ರಸಮಟ್ಟ ಇಟ್ಟು ನೋಡಿ. ಹೊರಡುವ ಮುಂಚೆ ಒಂದು ಬಾಟಲಿ ನೀರು ಸುರಿದು ಹೊರಗೆ ಬರುತ್ತದೋ ನೋಡಿ. ಗೋಡೆ ತೊಟ್ಟಿಕ್ಕುವ ಮನೆಗಳಲ್ಲಿ ಬಹುಪಾಲು ಈ ಒಂದು ಬಾಟಲಿ ನೀರಿನ ಸೋಮಾರಿತನವೇ ಕಾರಣ.

ಟನ್ ವಿಷಯಕ್ಕೆ ಬರೋಣ. "ಇರಲಿ, ಒಂದು ಅರ್ಧ ಟನ್ ಜಾಸ್ತಿನೇ ಹಾಕಿ" ಎನ್ನುವವರು ಜಾಸ್ತಿ. ಒಂದು ಟನ್ ಎಂದರೆ ಒಂದು ಟನ್ (ಅಮೆರಿಕದ ಟನ್, ಸುಮಾರು 907 ಕಿಲೋ) ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಳೆದುಕೊಳ್ಳುವಷ್ಟು ಶಾಖ, ಶಾಖದ ಅಳತೆಯಾದ ಬಿಟಿಯುನಲ್ಲಿ ಹೇಳಿದರೆ ಗಂಟೆಗೆ 12,000. ಕೋಣೆಗೆ ಬೇಕಾದದ್ದಕ್ಕಿಂತ ದೊಡ್ಡದು ಹಾಕಿದರೆ ಬೇಗ ತಣ್ಣಗಾಗಿ ಬೇಗ ನಿಲ್ಲುತ್ತದೆ, ಗಾಳಿಯ ತೇವ ತೆಗೆಯಲು ಅದಕ್ಕೆ ಹೊತ್ತೇ ಸಿಗುವುದಿಲ್ಲ. ಕೋಣೆ ತಣ್ಣಗೂ ಇದೆ, ಜಿಗುಟೂ ಇದೆ. ಇನ್ವರ್ಟರ್ ಎಸಿ ತನ್ನ ವೇಗ ಇಳಿಸಿಕೊಂಡು ಸ್ವಲ್ಪ ಸಂಭಾಳಿಸುತ್ತದೆ, ಆದರೆ ಅದಕ್ಕೂ ಒಂದು ಮಿತಿ ಇದೆ. 1902ರಲ್ಲಿ ಅಮೆರಿಕದ ಎಂಜಿನಿಯರ್ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣದ ಪ್ರೆಸ್ಸಿಗೆ ಮಾಡಿಕೊಟ್ಟ, ಇಂದಿನ ಎಸಿಗಳ ಮೂಲ ಎನ್ನುವ ವ್ಯವಸ್ಥೆಯ ಉದ್ದೇಶ ಜನರನ್ನು ತಣ್ಣಗಿಡುವುದಾಗಿರಲಿಲ್ಲ, ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣ ಜರುಗುವುದನ್ನು ತಡೆಯುವುದಾಗಿತ್ತು. ತೇವ ತೆಗೆಯುವುದು ಈ ಯಂತ್ರದ ಹುಟ್ಟುಗುಣ, ನಾವು ಮರೆತಿದ್ದೇವೆ ಅಷ್ಟೆ.

ಚಳಿ ದೇಶಗಳಲ್ಲಿ ಮನೆ ಬೆಚ್ಚಗಿಡಲು ಇರುವ ಫರ್ನೇಸಿನದೂ ಇದೇ ಕಸುಬು, ಆದರೆ ಅಲ್ಲಿ ಅಸಡ್ಡೆ ಜೀವ ತೆಗೆಯಬಲ್ಲದು. ಹೊಗೆ ಹೋಗುವ ಪೈಪ್ ಸರಿಯಿಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಗಾಳಿ ಸಾಗಿಸುವ ಡಕ್ಟ್ ಚಿಕ್ಕದಾದರೆ ಸಾಕಷ್ಟು ಗಾಳಿ ಹಾಯುವುದಿಲ್ಲ, ಫರ್ನೇಸ್ ಒಳಗೇ ಕಾದು ಮತ್ತೆ ಮತ್ತೆ ನಿಲ್ಲುತ್ತದೆ. ಹಾಗೇ ಓಡಿಸುತ್ತಾ ಹೋದರೆ ಬೆಂಕಿಯ ಶಾಖವನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಡಬಹುದು. ಕೆಲಸ ಬಲ್ಲವನು ಒಳಹೋಗುವ ಗಾಳಿಯ ಬಿಸಿ, ಹೊರಬರುವ ಗಾಳಿಯ ಬಿಸಿ ಎರಡನ್ನೂ ಅಳೆದು, ವ್ಯತ್ಯಾಸ ಯಂತ್ರದ ಮೇಲಿನ ಪಟ್ಟಿಯಲ್ಲಿ ಬರೆದಷ್ಟರೊಳಗೆ ಇದೆಯೇ ಎಂದು ನೋಡಿಯೇ ಹೊರಡುತ್ತಾನೆ. ಕೈಯೊಡ್ಡಿ "ಬಿಸಿ ಬರ್ತಿದೆ" ಎನ್ನುವವನನ್ನು ನಂಬಬೇಡಿ.

ನಾನು ಇಷ್ಟಪಡುವ ಇನ್ನೊಂದು ಅಭ್ಯಾಸ ಇದೆ. ಹೊರಗಿನ ಯೂನಿಟ್ಟಿನ ಮುಚ್ಚಳದ ಒಳಬದಿಯಲ್ಲಿ ಮಾರ್ಕರಿನಿಂದ ತಾರೀಕು, ಪೈಪಿನ ಉದ್ದ, ಎಷ್ಟು ಮೈಕ್ರಾನಿಗೆ ಎಳೆದದ್ದು, ಮೇಲೆ ಎಷ್ಟು ಗ್ರಾಂ ಗ್ಯಾಸ್ ಸೇರಿಸಿದ್ದು ಎಂದು ಬರೆದಿಡುವುದು. ನಿಮ್ಮ ಮನೆಗೆ ಬಂದವರನ್ನೂ ಬರೆದಿಡಿ ಎಂದು ಕೇಳಿ, ಅಳೆಯದವರಿಗೆ ಬರೆಯಲು ಏನೂ ಇರುವುದಿಲ್ಲ. ಮುಂದೆ ಯಾರಾದರೂ ಬಂದು "ಗ್ಯಾಸ್ ಕಮ್ಮಿ ಆಗಿದೆ, ತುಂಬಿಸಬೇಕು" ಎಂದರೆ ಒಂದು ಲೆಕ್ಕವಾದರೂ ಇರುತ್ತದೆ. ಅಂದಹಾಗೆ ಎಸಿಯ ಗ್ಯಾಸ್ ಬಳಸಿ ಬಳಸಿ ಖರ್ಚಾಗುವ ವಸ್ತು ಅಲ್ಲ, ಕಮ್ಮಿಯಾಗಿದ್ದರೆ ಸೋರಿದೆ ಎಂದೇ ಲೆಕ್ಕ. ಮೊದಲು ಸೋಪಿನ ನೊರೆ ಹಚ್ಚಿ ಸೋರುವ ಜಾಗ ತೋರಿಸಲಿ, ತುಂಬಿಸುವ ಮಾತು ಆಮೇಲೆ.