ಐದನೆಯವನು ಬೇಕು

ಐದೈದು ಜನರ ಎರಡು ತಂಡ ಆನ್‌ಲೈನ್‌ನಲ್ಲಿ ಕಾದಾಡುವ ಕಂಪ್ಯೂಟರ್ ಆಟ ಡೋಟಾ 2. ಅದು ಸತ್ತೋಯ್ತು ಅಂತ ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಆಟವನ್ನು ಬದಲಿಸುವ ಹೊಸ ಪ್ಯಾಚ್ ಬಂದರೆ ಆಟ ಹಾಳಾಯಿತು ಅನ್ನುತ್ತಾರೆ, ಬರದಿದ್ದರೆ ಕಂಪನಿಯವರೇ ಕೈಬಿಟ್ಟರು ಅನ್ನುತ್ತಾರೆ. ಅದೇ ರಾತ್ರಿ ಹನ್ನೊಂದಕ್ಕೆ ನೋಡಿದರೆ ಆ ಮಾತು ಹೇಳಿದವರೇ ಮ್ಯಾಚ್‌ನಲ್ಲಿ ಇರುತ್ತಾರೆ.

ಈಚೆಗೆ ಒಂದು ಭಾನುವಾರ ನಮ್ಮ ಹಳೇ ಹಾಸ್ಟೆಲ್ ಗುಂಪು ಆನ್‌ಲೈನ್‌ನಲ್ಲಿ ಸೇರಿತು. ಒಬ್ಬ ದುಬೈಯಲ್ಲಿ, ಒಬ್ಬ ಪುಣೆಯಲ್ಲಿ, ಒಬ್ಬ ಹಾಸನದಲ್ಲಿ ಬ್ಯಾಂಕ್ ಕೆಲಸ, ನಾನು ಬೆಂಗಳೂರಲ್ಲಿ. ಐದನೆಯವನ ಮನೆಯಲ್ಲಿ ಈಗಷ್ಟೇ ಮಗು ಹುಟ್ಟಿದೆ. ಅವನನ್ನು ಕರೆಯುವ ಧೈರ್ಯ ಯಾರಿಗೂ ಆಗಲಿಲ್ಲ. ಅವತ್ತು ಅಕ್ಕನ ಮಗ ನಮ್ಮನೆಯಲ್ಲಿದ್ದ. ಎಂಜಿನಿಯರಿಂಗ್ ಎರಡನೇ ವರ್ಷ. ವ್ಯಾಲೊರಂಟ್ ಆಡುತ್ತಾನೆ, ಅದಕ್ಕೆ ಮೊದಲು ಫೋನಿನಲ್ಲಿ ಪಬ್‌ಜಿ. "ನೀನೇ ಬಾರೋ, ಜಾಗ ಖಾಲಿ ಇದೆ" ಅಂದೆ. ಆಟ ಪುಕ್ಕಟೆ. ಆದರೆ ಡೌನ್‌ಲೋಡ್ ಮುಗಿಯುವಷ್ಟರಲ್ಲಿ ನಮ್ಮ ಊಟ, ನಿದ್ದೆ ಎರಡೂ ಮುಗಿದಿತ್ತು.

ನಾವು ಕಲಿತದ್ದು ಡೋಟಾ 2 ಅಲ್ಲ, ಅದಕ್ಕೂ ಹಿಂದಿನ ಡೋಟಾ. ವಾರ್‌ಕ್ರಾಫ್ಟ್ 3 ಆಟಕ್ಕೆ ಅಭಿಮಾನಿಗಳೇ ಮಾಡಿದ ಮ್ಯಾಪ್, ಅಂದರೆ ಆಡುವ ಅಖಾಡ, ಅದು; 2003ರಲ್ಲಿ ಹುಟ್ಟಿದ್ದು. ಪೆನ್‌ಡ್ರೈವ್‌ನಲ್ಲಿ ಒಂದು ರೂಮಿನಿಂದ ಇನ್ನೊಂದು ರೂಮಿಗೆ ಹೋಗುತ್ತಿತ್ತು. ಎಲ್ಲರ ಹತ್ತಿರ ಒಂದೇ ವರ್ಷನ್ ಇಲ್ಲದಿದ್ದರೆ ಕಂಪ್ಯೂಟರ್‌ಗಳನ್ನು ಜೋಡಿಸಿದ ಲ್ಯಾನ್‌ನಲ್ಲಿ ಸೇರೋಕೆ ಆಗುತ್ತಿರಲಿಲ್ಲ. ಅದಕ್ಕೇ ರಾತ್ರಿ ಕಾರಿಡಾರಿನಲ್ಲಿ "ಯಾರತ್ರ ಹೊಸ ಮ್ಯಾಪ್ ಇದೆಯೋ?" ಅನ್ನೋ ಕೂಗು. ಹಾಸ್ಟೆಲ್‌ನಲ್ಲಿ ಕರೆಂಟ್ ಹೋದರೆ ಸೈಬರ್ ಕೆಫೆ. ಪಕ್ಕದಲ್ಲಿ ಕೂತವನು ಬೈದೇ ಕಲಿಸುತ್ತಿದ್ದ. ಪುಸ್ತಕ ಇಲ್ಲ, ವಿಡಿಯೋ ಇಲ್ಲ. "ಲೋ, ಹಿಂದೆ ಬಾರೋ, ಸಾಯ್ತೀಯ" ಅಂತ ಕಿವಿಯ ಹತ್ತಿರವೇ ಕೂಗಿದರೆ ಸಾಕಲ್ವಾ?

ಆಟ ಶುರುವಾಯಿತು. ಅಕ್ಕನ ಮಗನಿಗೆ ರೇತ್ ಕಿಂಗ್ ಕೊಟ್ಟೆವು. ಹೀರೋ ಅಂದರೆ ಒಬ್ಬೊಬ್ಬರೂ ಆಡಿಸುವ ಪಾತ್ರ; ಇವನು ಸುಲಭದ ಹೀರೋ. ಅವನಿಗೆ ಲಾಸ್ಟ್ ಹಿಟ್ ಹೇಳಿಕೊಡಲು ಹೊರಟೆ. ಎದುರು ಪಾಳಯದ ಕ್ರೀಪ್‌ಗೆ, ಅಂದರೆ ತಾನಾಗೇ ನಡೆದು ಬರುವ ಕಾಲಾಳಿಗೆ, ಕೊನೇ ಏಟು ನಿನ್ನದೇ ಆಗಬೇಕು, ಆಗ ಮಾತ್ರ ಅದರ ದುಡ್ಡು. ಅದು ಅರ್ಥವಾಯಿತು. ಆಮೇಲೆ ಡಿನೈ. ನಮ್ಮ ಕ್ರೀಪ್‌ನ ಜೀವ ಅರ್ಧಕ್ಕಿಂತ ಇಳಿದಾಗ ಅದನ್ನು ನಾವೇ ಕೊಲ್ಲಬಹುದು, ಎದುರಿನವನಿಗೆ ದುಡ್ಡು ತಪ್ಪಿಸೋಕೆ. ಹುಡುಗ ಮೌಸ್ ಬಿಟ್ಟು ನನ್ನ ಮುಖ ನೋಡಿದ. "ನಮ್ಮವರನ್ನೇ ನಾವು ಹೊಡೀಬೇಕಾ ಮಾಮ?"

ಹೌದಪ್ಪ, ಹೊಡೀಬೇಕು. ಇಷ್ಟು ವರ್ಷದಲ್ಲಿ ಅದು ವಿಚಿತ್ರ ಅಂತ ನನಗೆ ಅನ್ನಿಸಿರಲೇ ಇಲ್ಲ.

ಇತ್ತ ಹಾಸನದವನ ಕಥೆ ಬೇರೆ. ಅವನು ಆಟ ಬಿಟ್ಟು ಬಹಳ ಕಾಲ ಆಗಿತ್ತು. ಬಂದವನೇ "ಕೊರಿಯರ್ ಯಾರು ಕೊಳ್ತೀರಾ?" ಅಂದ. ಕೊರಿಯರ್ ಅಂದರೆ ಅಂಗಡಿಯಿಂದ ಸಾಮಾನು ಹೊತ್ತು ತರುವ ಪ್ರಾಣಿ. ಆಗೆಲ್ಲ ಐದು ಜನಕ್ಕೆ ಒಂದೇ ಕೊರಿಯರ್, ಅದನ್ನು ಕೊಳ್ಳೋದು ಉಳಿದವರಿಗೆ ನೆರವಾಗುವ ಸಪೋರ್ಟ್ ಆಟಗಾರನ ತಲೆನೋವು. ಅದು ಯಾರಿಗೆ ಮೊದಲು ಸಾಮಾನು ತರಬೇಕು ಅಂತ ನಾವು ಆಡಿದ ಜಗಳಕ್ಕೆ ಲೆಕ್ಕವಿಲ್ಲ. 2019ರ ನವೆಂಬರ್‌ನಲ್ಲಿ ಬಂದ 7.23 ಪ್ಯಾಚ್‌ನಿಂದ ಒಬ್ಬೊಬ್ಬರಿಗೂ ಒಂದೊಂದು ಕೊರಿಯರ್ ಪುಕ್ಕಟೆ. ಅವನಿಗೆ ಇದು ಸರಿಬರಲಿಲ್ಲ. ಆಮೇಲೆ ಮ್ಯಾಪ್‌ನ ದೊಡ್ಡ ರಾಕ್ಷಸ ರೋಷಾನ್‌ನನ್ನು ಹೊಡೆಯೋಣ ಅಂತ ಹಳೇ ಜಾಗಕ್ಕೆ ಹೋದ. ಅಲ್ಲಿ ರೋಷಾನೂ ಇಲ್ಲ, ಅವನ ಗುಹೆಯೂ ಇಲ್ಲ. 2023ರ ಏಪ್ರಿಲ್‌ನಲ್ಲಿ ಮ್ಯಾಪ್ ಅನ್ನೇ ಶೇಕಡಾ 40ರಷ್ಟು ದೊಡ್ಡದು ಮಾಡಿದರು, ಗುಹೆ ಆಗಲೇ ಎತ್ತಂಗಡಿ ಆಯಿತು. ಅವನು ನದಿಯಲ್ಲಿ ಒಬ್ಬನೇ ನಿಂತು ಸತ್ತ. "ಇದು ನಮ್ಮ ಆಟ ಅಲ್ಲ ಕಣ್ರೋ, ಇದು ಮುಗೀತು" ಅಂದ.

ಮ್ಯಾಚ್ ಮಧ್ಯದಲ್ಲೇ ಸಾಯೋ-ಬದುಕೋ ಚರ್ಚೆ ಶುರು. ಪುಣೆಯವನು ಬಹುಮಾನದ ಲೆಕ್ಕ ತೆಗೆದ. ಈ ಆಟದ ದೊಡ್ಡ ಟೂರ್ನಿ ದಿ ಇಂಟರ್‌ನ್ಯಾಷನಲ್. 2021ರಲ್ಲಿ ಬುಕಾರೆಸ್ಟ್‌ನಲ್ಲಿ ನಡೆದಾಗ ಒಟ್ಟು ಬಹುಮಾನ 4 ಕೋಟಿ ಡಾಲರ್ ದಾಟಿತ್ತು. 2023ರಲ್ಲಿ ಸಿಯಾಟಲ್‌ಗೆ ಬರುವಷ್ಟರಲ್ಲಿ 30 ಲಕ್ಷದ ಆಸುಪಾಸು. ಹತ್ತನೇ ಒಂದು ಭಾಗವೂ ಉಳಿದಿರಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕಾ ಅಂದ.

ನನಗೆ ಈ ವಾದ ಒಪ್ಪಿಗೆಯಿಲ್ಲ. ಆ 4 ಕೋಟಿಯ ಬಹುಪಾಲು ನಮ್ಮಂಥವರೇ ಕೊಟ್ಟ ದುಡ್ಡು. ಬ್ಯಾಟಲ್ ಪಾಸ್ ಅಂತ ಆಟದೊಳಗೇ ಒಂದು ಪಾಸ್ ಮಾರುತ್ತಿದ್ದರು, ಅದರ ದುಡ್ಡಿನಲ್ಲಿ ಕಾಲು ಭಾಗ ಬಹುಮಾನಕ್ಕೆ ಹೋಗುತ್ತಿತ್ತು. ಜನ ಪಾಸ್ ಕೊಳ್ಳುತ್ತಿದ್ದದ್ದು ಹೀರೋಗಳಿಗೆ ಹೊಸ ವೇಷ ಸಿಗುತ್ತದೆ ಅಂತ. 2023ರಲ್ಲಿ ಕಂಪನಿ ಆ ಪಾಸನ್ನೇ ನಿಲ್ಲಿಸಿತು, ದುಡ್ಡೂ ಕುಸಿಯಿತು. ಆಡುವವರು ಎಷ್ಟು ಜನ ಅನ್ನೋದು ಬೇರೆ ಲೆಕ್ಕ. ಈ ಆಟ ಸಿಗುವ ಸ್ಟೀಮ್ ಅನ್ನೋ ಆನ್‌ಲೈನ್ ವೇದಿಕೆಯಲ್ಲಿ ಒಂದೇ ಹೊತ್ತಿಗೆ ಇದನ್ನು ಆಡುತ್ತಾ ಅತಿ ಹೆಚ್ಚು ಜನ ಇದ್ದದ್ದು 2016ರ ಮಾರ್ಚ್‌ನಲ್ಲಿ, 12.9 ಲಕ್ಷದಷ್ಟು. ಆ ಎತ್ತರಕ್ಕೆ ಮತ್ತೆ ಹೋಗಿಲ್ಲ, ನಿಜ. ಆದರೆ ಈಗಲೂ ಜನ ಜಾಸ್ತಿ ಇರುವ ಹೊತ್ತಿನಲ್ಲಿ ಆ ಸಂಖ್ಯೆ ಐದು ಲಕ್ಷ ದಾಟುತ್ತದೆ. ಸತ್ತ ಆಟಕ್ಕೆ ಐದು ಲಕ್ಷ ಜನ ಬರುತ್ತಾರಾ?

ನನ್ನ ಚಿಂತೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹುಡುಗನದ್ದು. ನೂರಿಪ್ಪತ್ತಕ್ಕೂ ಹೆಚ್ಚು ಹೀರೋಗಳು. ಅಂಗಡಿ ತೆರೆದರೆ ಪರದೆ ತುಂಬ ಸಾಮಾನು. ಒಂದು ಮ್ಯಾಚ್‌ಗೆ ನಲವತ್ತು ನಿಮಿಷ, ಮಧ್ಯದಲ್ಲಿ ಎದ್ದು ಹೋಗುವ ಹಾಗಿಲ್ಲ. ತಪ್ಪು ಮಾಡಿದರೆ ನಾಲ್ಕು ಕಡೆಯಿಂದ ಬೈಗುಳ. ಅವನು ಸುಮ್ನೆ ಸಹಿಸಿಕೊಂಡ, ಮಾಮನ ಮನೆ ಅಂತ. ಮ್ಯಾಚ್ ಮುಗಿದ ಮೇಲೆ "ಚೆನ್ನಾಗಿದೆ ಮಾಮ, ಆದ್ರೆ ಇದನ್ನ ಕಲಿಯೋಕೆ ಒಂದು ಸೆಮಿಸ್ಟರ್ ಬೇಕು" ಅಂದು ಎದ್ದ. ನಾವು ಎರಡು ಮೂರು ಸೆಮಿಸ್ಟರ್ ತಗೊಂಡಿದ್ದೆವು, ಅದರ ಪರಿಣಾಮ ಮಾರ್ಕ್ಸ್ ಕಾರ್ಡಿನಲ್ಲೂ ಇದೆ. ಆದರೆ ನಮಗೆ ಬೇಜಾರಾದಾಗ ಎದ್ದು ಹೋಗೋಕೆ ಬೇರೆ ಆಟ ಇರಲಿಲ್ಲ. ಎದ್ದರೂ ಎಳೆದು ಕೂರಿಸೋಕೆ ಅದೇ ಕಾರಿಡಾರಿನಲ್ಲಿ ನಾಲ್ಕು ಜನ ಇದ್ದರು. ಈಗ ಹುಡುಗರು ಆಡುವುದು ಅವರವರ ರೂಮಿನಲ್ಲಿ, ಬಾಗಿಲು ಹಾಕಿಕೊಂಡು. ಹಳಬರು ಆಟ ಬಿಟ್ಟಿಲ್ಲ. ಹೊಸಬರನ್ನು ಕೂರಿಸಿಕೊಂಡು ಬೈಯುವವರು ಇಲ್ಲ.

ನಾಲ್ಕೇ ಜನ ಮತ್ತೆ ಮ್ಯಾಚ್ ಹುಡುಕಿದೆವು, ಐದನೆಯವನಾಗಿ ಯಾರೋ ಅಪರಿಚಿತ ಬಂದ. ನಮ್ಮ ಮಾತು ಕೇಳಿಸಿಕೊಂಡು ಸ್ವಲ್ಪ ಹೊತ್ತಾದ ಮೇಲೆ ಮೈಕ್ ಆನ್ ಮಾಡಿದ. "ಕನ್ನಡದವ್ರಾ ಅಣ್ಣ?" ದಾವಣಗೆರೆ ಹುಡುಗ, ಕಾಲೇಜು ಈಗಷ್ಟೇ ಸೇರಿದ್ದಾನೆ. ಯಾರು ಕಲಿಸಿದರು ಅಂದೆ. "ನಮ್ಮಣ್ಣ. ಅವನ ಕಂಪ್ಯೂಟರಿನಲ್ಲೇ ಆಡೋದು. ಹಿಂದೆ ನಿಂತ್ಕೊಂಡು ಬೈತಾನೆ."

ಎದುರು ತಂಡದಲ್ಲಿ ರಿಕಿ ಇದ್ದ. ಕಣ್ಣಿಗೆ ಕಾಣದೆ ಬಂದು ಬೆನ್ನಿಗೆ ಚುಚ್ಚುವ ಹೀರೋ. ಅವನನ್ನು ಕಾಣಿಸೋ ಹಾಗೆ ಮಾಡಲು ಡಸ್ಟ್ ಅನ್ನೋ ಪುಡಿ ಕೊಳ್ಳಬೇಕು. ನಾವು ನಾಲ್ವರೂ ಇನ್ನೊಬ್ಬ ಕೊಂಡಿರುತ್ತಾನೆ ಅಂದುಕೊಂಡು ಸಾಲಾಗಿ ಸತ್ತೆವು. ದಾವಣಗೆರೆಯವನ ಸಹನೆ ಮುಗಿಯಿತು.

"ಡಸ್ಟ್ ತಗೊಳ್ಳಿ ಅಂತ ಆಗ್ಲಿಂದ ಬಡ್ಕೋತಿದೀನಲ್ಲ ಅಣ್ಣ! ಎಷ್ಟು ವರ್ಷದಿಂದ ಆಡ್ತಿದೀರಾ ನೀವು?"