ಎರೆಹುಳುಗಳಿಗೆ ಬಿಸಿ ಮುಟ್ಟಿಸುತ್ತಿದ್ದ 31 ವಾಟ್

ಅಂಗಡಿಯಲ್ಲಿ ಮನೆ ವೈರಿಂಗಿನ ತಂತಿ ಕೊಂಡರೆ ಒಂದು ಕಾಯಿಲ್‌ಗೆ 90 ಮೀಟರ್. ನನ್ನ ಹ್ಯಾಮ್ ರೇಡಿಯೋದ (ದೂರದವರ ಜೊತೆ ಹವ್ಯಾಸಕ್ಕೆ ಮಾತಾಡುವ ರೇಡಿಯೋ) ವರ್ಟಿಕಲ್, ಅಂದರೆ ನೆಟ್ಟಗೆ ನಿಲ್ಲುವ, ಆಂಟೆನಾದ ಕತೆಯೆಲ್ಲ ಆ ಒಂದು ಕಾಯಿಲ್‌ನೊಳಗಿದೆ.

ಸಾಗರದ ಕಡೆಯ ತೋಟದ ಮನೆ ನಮ್ಮದು. ಅಡಿಕೆ ಕೊಯ್ಯುವ ದೋಟಿಗೇ ಆಂಟೆನಾ ಕಟ್ಟಿಬಿಡೋಣ ಅಂತ ಮೊದಲು ಹೊಳೆದಿತ್ತು. ಈಗಿನ ದೋಟಿ ಕಾರ್ಬನ್ ಫೈಬರಿನದು, ತಾನೇ ಕರೆಂಟ್ ಹರಿಸುತ್ತದೆ. ಹಾಗಾಗಿ ಬಿದಿರಿನ ಗಳ ನಿಲ್ಲಿಸಿ, ಅದರ ಮೈಗೆ 10 ಮೀಟರ್ ತಂತಿ ಬಿಟ್ಟೆ. ನಾನು ಮಾತಾಡುವ 7.1 ಮೆಗಾಹರ್ಟ್ಸಿಗೆ ಕಾಲು ತರಂಗ, ಅಂದರೆ ತರಂಗದ ಉದ್ದದಲ್ಲಿ ಕಾಲು ಪಾಲು, ಸುಮಾರು ಅಷ್ಟೇ.

ಬುಡದಲ್ಲಿ ಅರ್ಥಿಂಗ್ ಇತ್ತು. ಉಪ್ಪು, ಇದ್ದಿಲು ಸುರಿದು ಹೂತ ರಾಡು. ಮನೆಯ ಎಲೆಕ್ಟ್ರಿಷಿಯನ್‌ಗೆ ಅದರ ಮೇಲೆ ಬಹಳ ಅಭಿಮಾನ. ಶಾಕ್ ಹೊಡೆಯದಿರಲು, ಏಪ್ರಿಲ್ ಸಿಡಿಲಿಗೆ, ಅದು ಬೇಕೇ ಬೇಕು. ರೇಡಿಯೋ ತರಂಗದ ಲೆಕ್ಕ ಮಾತ್ರ ಬೇರೆ. ಗಳದ ತಂತಿಗೆ ಹತ್ತಿದಷ್ಟು ಕರೆಂಟ್ ಸುತ್ತಲಿನ ನೆಲದಿಂದ ಬುಡಕ್ಕೆ ವಾಪಸ್ ಬರಬೇಕು. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಏದುಸಿರು ಬಿಡುತ್ತಾ ಬರುತ್ತದೆ. ಬರೀ ರಾಡಿಗೆ ಅನಲೈಸರ್ (ಆಂಟೆನಾದ ತಡೆ ಅಳೆಯುವ ಮೀಟರ್) 96 ಓಮ್ ತೋರಿಸಿತು. ಒಳ್ಳೆಯ ನೆಲವಿದ್ದರೆ ಕಾಲು ತರಂಗದ್ದು ಸುಮಾರು 36 ಓಮ್; ಮಿಕ್ಕಿದ 60 ಮಣ್ಣಿನ ಪಾಲು. ನನ್ನದು ರೆಸ್ಟ್ರಿಕ್ಟೆಡ್ ಲೈಸೆನ್ಸ್, 50 ವಾಟ್ ಮಿತಿ. ಅದು ಇದೇ ಪ್ರಮಾಣದಲ್ಲಿ ಹಂಚಿಹೋಗುತ್ತದೆ: ಅಂದಾಜು ಲೆಕ್ಕದಲ್ಲಿ 19 ವಾಟ್ ಆಕಾಶಕ್ಕೆ, 31 ವಾಟ್ ಎರೆಹುಳುಗಳಿಗೆ.

ಕಾಯಿಲ್ ತಂದು ತಲಾ 10 ಮೀಟರಿನ ನಾಲ್ಕು ರೇಡಿಯಲ್ (ಕರೆಂಟ್ ವಾಪಸ್ ಬರಲು ಬುಡದಿಂದ ಸುತ್ತಲೂ ಹರಡುವ ತಂತಿ) ಹಾಸಿದೆ. ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸುತ್ತಾ ಒಂದು ಭಾನುವಾರ ಕಳೆದೆ, ದಂಡಕ್ಕೆ. ನೆಲದಿಂದ ಮೇಲೆತ್ತಿ ಕಟ್ಟಿದ ರೇಡಿಯಲ್‌ಗಷ್ಟೇ ಆ ನಾಜೂಕು ಬೇಕು. ಮಣ್ಣಿಗೆ ತಾಗಿ ಮಲಗಿದ ತಂತಿಯ ಶ್ರುತಿಯನ್ನು ಮಣ್ಣೇ ಕೆಡಿಸಿಬಿಡುತ್ತದೆ. ಮೀಟರ್ ಈಗ 54 ಓಮ್, ಎಸ್‌ಡಬ್ಲ್ಯೂಆರ್ (ರೇಡಿಯೋದ 50 ಓಮಿಗೆ ಆಂಟೆನಾ ಎಷ್ಟು ಹೊಂದುತ್ತದೆ ಅನ್ನುವ ಅಳತೆ; 1 ಅಂದರೆ ಪೂರ್ತಿ ಹೊಂದಿಕೆ) 1.1. ಇನ್ನೇನು ಬೇಕು! ಉಳಿದ 50 ಮೀಟರ್ ತಂತಿ ಒಂದು ವರ್ಷ ಗೋಡೆಯ ಮೊಳೆಯಲ್ಲಿ ನೇತಾಡಿತು.

"54ರಲ್ಲಿ 36 ಕಳೆಯಪ್ಪಾ, ಉಳಿದದ್ದು ಎಲ್ಲಿ ಹೋಯ್ತು?" ಅಂತ ಒಂದು ಸಂಜೆ ರೇಡಿಯೋದಲ್ಲೇ ಕೇಳಿದವರು ಹಿರಿಯ ಹ್ಯಾಮ್ ಒಬ್ಬರು. 1937ರಲ್ಲಿ ಅಮೆರಿಕದ ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಪ್ರಯೋಗಕ್ಕೆ 113 ತಂತಿಗಳವರೆಗೆ ಹೂತಿದ್ದರು ಅಂತಲೂ ಹೇಳಿದರು. ಮೀಡಿಯಂ ವೇವ್ ಕೇಂದ್ರಗಳಿಗೆ 120 ರೇಡಿಯಲ್ ಅನ್ನುವ ರೂಢಿಯ ಬೇರು ಅಲ್ಲಿದೆ. ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸಿಗೆ ಕಾಲು ತರಂಗದ 120 ತಂತಿಯ ಲೆಕ್ಕ ಹಾಕಿ ನೋಡಿದೆ: ಒಂದೊಂದು ತಂತಿ 98 ಮೀಟರ್, ಒಟ್ಟು ಹನ್ನೊಂದೂಮುಕ್ಕಾಲು ಕಿಲೋಮೀಟರ್. ನನ್ನ ಮೊಳೆಯಲ್ಲಿದ್ದದ್ದು 50 ಮೀಟರ್.

ಇರುವ ತಂತಿ ಇಷ್ಟೇ ಅಂದಮೇಲೆ ಉದ್ದನೆಯ ಕೆಲವಕ್ಕಿಂತ ಗಿಡ್ಡನೆಯ ಹಲವು ಲೇಸು. ಕರೆಂಟ್ ಒತ್ತಾಗಿರುವುದು ಬುಡದ ಹತ್ತಿರದ ನೆಲದಲ್ಲಿ. ನಾಲ್ಕೇ ತಂತಿಯಾದರೆ ಅವುಗಳ ನಡುವಿನ ಮಣ್ಣು ಖಾಲಿ. ಹಾಗಾಗಿ ಅಷ್ಟು ಮುತುವರ್ಜಿಯಿಂದ ಅಳೆದ ನಾಲ್ಕನ್ನೂ ಅರ್ಧಕ್ಕೆ ತುಂಡರಿಸಿದೆ, ಎಂಟಾಯಿತು. ಮೊಳೆಯದ್ದು ಹತ್ತು. ತಲಾ 5 ಮೀಟರಿನ ಹದಿನೆಂಟು. ಗೋಡೆ ಅಡ್ಡ ಬಂದಲ್ಲಿ ಬಗ್ಗಿಸಿದೆ, ತೋಟದ ಇಳಿಜಾರಿನ ಕಡೆ ಹಾಗೇ ಇಳಿಬಿಟ್ಟೆ. ಜಿಐ ತಂತಿಯ ಯು ಪಿನ್ನುಗಳನ್ನು ನೆಲಕ್ಕೆ ಬಡಿಯುತ್ತಿದ್ದಾಗ ಅಮ್ಮ ಜಗಲಿಯಿಂದ, "ಎಂತದೋ ಇದು, ಅಂಗಳಕ್ಕೆ ಬಲೆ ನೇಯ್ತಾ ಇದ್ಯಾ?" ಅಂದರು. ಅಡಿಕೆ ಹರಡುವ ಹೊತ್ತಿಗೆ ಹುಲ್ಲು ಮುಚ್ಚಿರುತ್ತದೆ ಅಂದೆ. ನಂಬಲಿಲ್ಲ.

42 ಓಮ್ ಬಂತು. ಎಸ್‌ಡಬ್ಲ್ಯೂಆರ್ 1.1ರಿಂದ 1.2ಕ್ಕೆ ಏರಿತು! ಮೀಟರ್ ನೋಡಿದರೆ ಕೆಟ್ಟಿತು ಅನ್ನಬೇಕು; ನಿಜಕ್ಕೆ ಆಕಾಶಕ್ಕೆ ಹೋಗುವುದು 33 ವಾಟಿನಿಂದ 43ಕ್ಕೆ ಹೆಚ್ಚಿದೆ. ಬರೀ ರಾಡಿನ ಕಾಲಕ್ಕೆ ಹೋಲಿಸಿದರೆ ಮೂರೂವರೆ ಡಿಬಿ (ಡೆಸಿಬೆಲ್), ಅಂದರೆ ಎರಡು ಪಟ್ಟಿಗಿಂತ ಹೆಚ್ಚು; ಕೇಳುವವರ ಸಿಗ್ನಲ್ ಮೀಟರಿನಲ್ಲಿ ಅರ್ಧ ಎಸ್ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ಜಪಾನಿನವರು ಕರೆದಾಗ ಎರಡನೇ ಸಲಕ್ಕೆ ನನ್ನ ಕಾಲ್‌ಸೈನ್ (ರೇಡಿಯೋದಲ್ಲಿನ ಗುರುತಿನ ಹೆಸರು) ಹಿಡಿಯುತ್ತಾರೆ ಈಗ. ಮೈಸೂರಿನ ಗೆಳೆಯರ ಜೊತೆ ಹರಟೆಗೆ ಮಾತ್ರ ತೋಟದ ಮರಕ್ಕೆ ತಗ್ಗಿನಲ್ಲಿ ಅಡ್ಡಡ್ಡ ಕಟ್ಟಿದ ಡೈಪೋಲ್ ಆಂಟೆನಾವೇ ಸರಿ. ಹತ್ತಿರದವರನ್ನು ಮುಟ್ಟಲು ತರಂಗ ನೆತ್ತಿಯ ಮೇಲಕ್ಕೆ ಹೋಗಿ ಇಳಿಯಬೇಕು; ಹಾಗೆ ಹೊಡೆಯುವುದು ವರ್ಟಿಕಲ್‌ಗೆ ಬಾರದ ವಿದ್ಯೆ.

ಮಳೆ ಬಂದು ಎರಡು ತಿಂಗಳಿಗೆ ಹುಲ್ಲು ತಂತಿಗಳನ್ನೆಲ್ಲ ನುಂಗಿತು. ಅಮ್ಮನಿಗೂ ಸಮಾಧಾನ. ಆಗಸ್ಟಿನಲ್ಲಿ ಕಳೆ ಕೊಚ್ಚುವ ಯಂತ್ರ ಹೊತ್ತವನಿಗೂ ತಂತಿ ಕಾಣಲಿಲ್ಲ, ಮೂರು ಹೋದವು. ಮೀಟರ್ 42ರಿಂದ 43ಕ್ಕೆ ಸರಿಯಿತು, ಅಷ್ಟೇ. ದೀಪಾವಳಿ ಕಳೆದು ಹುಲ್ಲು ಒಣಗಿದ ಮೇಲೆ ಹುಡುಕಿ ಜೋಡಿಸಬೇಕು.