ಮಂಗಳೂರಿನಲ್ಲಿ ಅಪ್ಪ-ಅಮ್ಮನ ನಲವತ್ತನೇ ವರ್ಷದ ಊಟ: ಹೋಗುವವರಿಗೆ ಕೆಲವು ಮಾತು

ವಿಶೇಷ ದಿನದ ಊಟಕ್ಕೆ ಮಂಗಳೂರಿಗೆ ಹೋಗುವ ಯೋಚನೆ ಇದ್ದರೆ ಮೊದಲು ಕ್ಯಾಲೆಂಡರ್ ತೆಗೆಯಿರಿ. ಹೋಟೆಲ್ ಆಮೇಲೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಟ್ಟು ಮರಿ ಮಾಡುವ ಕಾಲ. ಆಗ ನಾಡದೋಣಿಯವರು ತಂದದ್ದು ಸ್ವಲ್ಪ ಸಿಗುತ್ತದೆ, ಉಳಿದದ್ದು ಹೊರಗಿನಿಂದ ಬರುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14. ಹಾಗಾಗಿ ಜುಲೈನಲ್ಲಿ ನಿಮ್ಮ ತಟ್ಟೆಗೆ ಬರುವ ಮೀನು ಐಸಿನಲ್ಲಿ ಕೂತು ದೂರದಿಂದ ಬಂದದ್ದೂ ಆಗಿರಬಹುದು. ದುಡ್ಡು ಕೊಟ್ಟು ಹಬ್ಬ ಮಾಡುವವರು ಅಕ್ಟೋಬರ್‌ನಿಂದ ಫೆಬ್ರವರಿ ಒಳಗೆ ಹೋಗುವುದು ಒಳ್ಳೆಯದು. ಸೆಕೆಯೂ ಆಗ ಸ್ವಲ್ಪ ಕಡಿಮೆ.

ನಮ್ಮದು ಅಪ್ಪ-ಅಮ್ಮನ ಮದುವೆಯ ನಲವತ್ತನೇ ವರ್ಷ. ನಾವು ಹಾಸನದ ಕಡೆಯವರು, ಈಗ ಬೆಂಗಳೂರಿನಲ್ಲಿದ್ದೇವೆ. ಅಣ್ಣನ ಮಗಳಿಗೆ ಸ್ಟೇಕ್‌ಹೌಸ್, ಅಂದರೆ ಸಾಮಾನ್ಯವಾಗಿ ದನದ ಮಾಂಸದ ದಪ್ಪ ತುಂಡು ಸುಟ್ಟು ಕೊಡುವ ಹೋಟೆಲ್, ಆಗಬೇಕಿತ್ತು. ಮೇಣದ ಬತ್ತಿ, ದೊಡ್ಡ ಚಾಕು, ಎಲ್ಲ ಫೋನಿನಲ್ಲಿ ನೋಡಿದ್ದಳು. ಸುಮ್ನೆ ತಳ್ಳಿಹಾಕಲಿಲ್ಲ, ವಿಚಾರಿಸಿದೆವು. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾಯ್ದೆಯಂತೆ ಹಸು, ಕರು, ಎತ್ತುಗಳ ವಧೆ ಇಲ್ಲ. 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ಅವಕಾಶ, ಅದೂ ಪಶುವೈದ್ಯರ ಪ್ರಮಾಣಪತ್ರ ಇದ್ದರೆ. ಹೀಗಾಗಿ ಇಲ್ಲಿ ಮೆನುವಿನಲ್ಲಿ ಸ್ಟೇಕ್ ಅಂತ ಕಂಡರೆ ಯಾವ ಮಾಂಸ ಅಂತ ಕೇಳಿಯೇ ಹೇಳಿ. ಕೋಳಿಯೋ ಮೀನೋ ಇರಬಹುದು. ಇನ್ನೊಂದು ವಿಷಯ. ಸ್ಟೇಕ್ ತಿನ್ನುವವರು ಮೀಡಿಯಂ ರೇರ್ ಅನ್ನುತ್ತಾರಲ್ಲ, ಅದರ ಒಳಗಿನ ಬಿಸಿ 55 ಡಿಗ್ರಿ ಆಸುಪಾಸು, ನಡುವೆ ಕೆಂಪಗೇ ಇರುತ್ತದೆ. ನಮ್ಮಪ್ಪ ಅದನ್ನು ನೋಡಿದರೆ "ಇನ್ನೊಂದು ಸಲ ಒಲೆ ಮೇಲೆ ಇಡ್ರಪ್ಪ" ಅಂತ ವಾಪಸ್ ಕಳಿಸುತ್ತಿದ್ದರು. ಮಂಗಳೂರಿಗೆ ಹೋಗಿ ಮೀನು ಬಿಟ್ಟು ಅದನ್ನು ಹುಡುಕುವುದು ನನಗೂ ಸರಿ ಕಾಣಲಿಲ್ಲ.

ವಾರ ಯಾವುದು ಅಂತಲೂ ನೋಡಿಕೊಳ್ಳಿ. ಅಮ್ಮ ಸೋಮವಾರ, ಶನಿವಾರ ಮೀನು-ಮಾಂಸ ಮುಟ್ಟುವುದಿಲ್ಲ. ಶ್ರಾವಣದಲ್ಲಿ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಮದುವೆ ದಿನಾಂಕ ಸೋಮವಾರ ಬಿದ್ದಿತ್ತು, ಊಟವನ್ನು ಹಿಂದಿನ ಭಾನುವಾರಕ್ಕೆ ತಂದೆವು. ಇದನ್ನು ಟಿಕೆಟ್ ತೆಗೆಯುವ ಮುಂಚೆಯೇ ಮಾತಾಡಿಕೊಳ್ಳಬೇಕು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಯಸ್ಸಾದವರಿದ್ದರೆ ಹಗಲಿನ ರೈಲು ಚೆನ್ನ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ. 2021ರ ಜುಲೈಯಿಂದ ಈ ದಾರಿಯಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬಂದಿದೆ. ಹಗಲಿನ ರೈಲು ದಿನಕ್ಕೊಂದು ಹೆಸರಿನದು, ಯಾವ ವಾರ ಯಾವುದು ಓಡುತ್ತದೆ ನೋಡಿಕೊಳ್ಳಿ. ಕೆಲವು ರೈಲು ಊರ ನಡುವೆ ಹಂಪನಕಟ್ಟೆ ಹತ್ತಿರದ ಸೆಂಟ್ರಲ್ ಸ್ಟೇಷನ್‌ಗೆ ಹೋಗುತ್ತವೆ, ಕೆಲವು ಊರಾಚೆಯ ಜಂಕ್ಷನ್ ಸ್ಟೇಷನ್‌ನಲ್ಲೇ ನಿಲ್ಲುತ್ತವೆ. ರೂಮ್ ಬುಕ್ ಮಾಡುವಾಗ ಇದು ನೆನಪಿರಲಿ. ಕಾರಿನಲ್ಲಿ ಹೋಗುವವರು ಮಳೆಗಾಲದಲ್ಲಿ ಶಿರಾಡಿ ಘಾಟಿ ರಸ್ತೆ ತೆರೆದಿದೆಯಾ ಅಂತ ಕೇಳಿಕೊಂಡೇ ಹೊರಡಿ. ಏನೇ ಆದರೂ ಒಂದು ದಿನ ಮುಂಚೆ ಬನ್ನಿ. ಪ್ರಯಾಣದ ಸುಸ್ತಿನಲ್ಲಿ ದುಬಾರಿ ಊಟ ರುಚಿಸುವುದಿಲ್ಲ.

ಜಾಗದ ಆಯ್ಕೆ. ಮಂಗಳೂರಿನಲ್ಲಿ ಮೀನಿಗೆ ಹೆಸರಾದ ಕೆಲವು ಕಡೆ ಕೂರಲು ಜಾಗ ಕಡಿಮೆ. ಕಾರ್ ಸ್ಟ್ರೀಟ್‌ನ ಗಿರಿಮಂಜಾಸ್ ಅಂಥದ್ದು. ರುಚಿ ಬಗ್ಗೆ ಮಾತಿಲ್ಲ, ಆದರೆ ಹಿಂದೆ ಜನ ನಿಂತು ಕಾಯುವ ಕಡೆ ಅಪ್ಪ-ಅಮ್ಮನಿಗೆ ಹಾರ ಹಾಕಿ ಕೂರಿಸಲು ಆಗುತ್ತದಾ? ಅಂಥ ಕಡೆ ಮಾರನೇ ದಿನ ಹೋಗಿ. ವಿಶೇಷದ ದಿನಕ್ಕೆ ಎಸಿ, ಲಿಫ್ಟ್, ಮೇಜು ಕಾಯ್ದಿರಿಸುವ ವ್ಯವಸ್ಥೆ ಇರುವ ದೊಡ್ಡ ಹೋಟೆಲೇ ಬೇಕು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಕಾರಿನಿಂದ ಬಾಗಿಲಿಗೆ ಬರುವಷ್ಟರಲ್ಲೇ ಬೆವರಿ ನೀರಾದರು. ಒಳಗೆ ಹೋದ ಮೇಲೆ ಸರಿಹೋಯಿತು.

ರಾತ್ರಿಗಿಂತ ಮಧ್ಯಾಹ್ನ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಂದರಿನ ದಕ್ಕೆಯಲ್ಲಿ, ಅಂದರೆ ದೋಣಿಗಳು ಮೀನು ಇಳಿಸುವ ಕಟ್ಟೆಯಲ್ಲಿ, ವ್ಯಾಪಾರವೆಲ್ಲ ಬೆಳಿಗ್ಗೆಯೇ. ಆ ದಿನ ಬಂದದ್ದು ಮಧ್ಯಾಹ್ನದ ಊಟಕ್ಕೆ ಅಡುಗೆಮನೆಯಲ್ಲಿ ಇರುತ್ತದೆ. ರಾತ್ರಿ ಹೊತ್ತಿಗೆ ದೊಡ್ಡ ಮೀನು ಖಾಲಿಯಾಗಿರಬಹುದು. ವಯಸ್ಸಾದವರಿಗೆ ಜೀರ್ಣವೂ ಸುಲಭ. ಮೇಣದ ಬತ್ತಿ ಇಲ್ಲ ಅಂತ ಅಣ್ಣನ ಮಗಳು ಸ್ವಲ್ಪ ಹೊತ್ತು ಮುಖ ಊದಿಸಿದ್ದಳು, ಸಿಗಡಿ ಬರುವವರೆಗೆ.

ಮೇಜು ಕಾಯ್ದಿರಿಸುವುದು ಒಂದು ಫೋನ್. ಎರಡನೇ ಫೋನ್ ಅದೇ ದಿನ ಬೆಳಿಗ್ಗೆ ಹತ್ತರ ನಂತರ ಮಾಡಿ: ಇವತ್ತು ಏನು ಬಂದಿದೆ ಅಂತ ಕೇಳಲು. ನಮಗೆ ಹೋಟೆಲಿನವರು "ಕಾಣೆ ಲಾಯ್ಕ ಉಂಟು ಸರ್, ಮಾಂಜಿ ಸಣ್ಣದು ಮಾತ್ರ" ಅಂದರು. ಕಾಣೆ ಅಂದರೆ ಲೇಡಿಫಿಶ್, ಮಾಂಜಿ ಅಂದರೆ ಪಾಂಫ್ರೆಟ್, ಲಾಯ್ಕ ಅಂದರೆ ಚೆನ್ನಾಗಿ. ಇಷ್ಟು ನೇರವಾಗಿ ಹೇಳುವ ಕಡೆ ಧೈರ್ಯವಾಗಿ ಹೋಗಬಹುದು. ಎಲ್ಲವೂ ಇದೆ, ಎಲ್ಲವೂ ಫ್ರೆಶ್ ಅನ್ನುವವರ ಬಗ್ಗೆ ನನಗೆ ಅನುಮಾನ.

ಮೆನುವಿನಲ್ಲಿ ದೊಡ್ಡ ಮೀನು, ಏಡಿಗಳ ಮುಂದೆ ದರ ಇರುವುದಿಲ್ಲ. ಎ.ಪಿ.ಎಸ್. ಅಂತ ಮೂರು ಅಕ್ಷರ ಇರುತ್ತದೆ. ಗಾತ್ರ ನೋಡಿ ದರ ಅಂತ ಲೆಕ್ಕ. ನಾಚಿಕೊಳ್ಳಬೇಡಿ. ತಟ್ಟೆಯಲ್ಲಿ ಇಟ್ಟು ಮೇಜಿಗೆ ತನ್ನಿ ಅಂತ ಹೇಳಿ, ತೋರಿಸುತ್ತಾರೆ. ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೆ ಬರಬೇಕು. ತೂಕ ಎಷ್ಟು, ಒಟ್ಟು ಎಷ್ಟಾಗುತ್ತದೆ ಅಂತ ಅಲ್ಲೇ ಕೇಳಿ ಒಪ್ಪಿ, ಆಮೇಲೆ ಒಳಗೆ ಕಳಿಸಿ.

ನಮ್ಮಂಥ ಒಳನಾಡಿನವರಿಗೆ ಮುಳ್ಳಿನ ಭಯ ಜಾಸ್ತಿ. ಅವರಿಗೆ ಕಾಣೆ ಹೇಳಿ ಮಾಡಿಸಿದ್ದು. ಉದ್ದಕ್ಕೆ ತೆಳ್ಳಗಿರುತ್ತದೆ, ನಡುಮುಳ್ಳು ಎಳೆದರೆ ಮಾಂಸ ಮೆತ್ತಗೆ ಬಿಡುತ್ತದೆ. ರವಾ ಫ್ರೈ ಮಾಡಿಸಿ, ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಅಂಜಲ್ (ಸೀರ್ ಫಿಶ್) ಅಡ್ಡ ಹೋಳಾಗಿ ಬರುತ್ತದೆ, ಮುಳ್ಳು ನಡುವೆ ಒಂದೇ. ಅದು ತವಾ ಫ್ರೈಗೆ ಸರಿ. ಆದರೆ ಅದರಲ್ಲಿ ಕೊಬ್ಬು ಕಡಿಮೆ, ಒಂದೆರಡು ನಿಮಿಷ ಹೆಚ್ಚು ಬೆಂದರೂ ಒಣಗಿ ಹೋಗುತ್ತದೆ. ಜಾಸ್ತಿ ಹುರಿಯಬೇಡಿ ಅಂತ ಮೊದಲೇ ಹೇಳಿ. ಮಾಂಜಿಯಲ್ಲಿ ಬಿಳಿಯದು ದುಬಾರಿ, ಕಪ್ಪು ಬೇರೆಯದೇ ಮೀನು, ದರವೂ ಕಡಿಮೆ. ಯಾವುದು ಅಂತ ಕೇಳಿಕೊಳ್ಳಿ. ಬಂಗುಡೆ ಪುಳಿಮುಂಚಿ ಅಗ್ಗ ಅಂತ ಬಿಡಬೇಡಿ. ಬ್ಯಾಡಗಿ ಮೆಣಸಿನ ಬಣ್ಣ, ಹುಣಸೆಯ ಹುಳಿ, ಜೊತೆಗೆ ನೀರ್ ದೋಸೆ. ಅಪ್ಪ ಆ ದಿನ ಅತಿ ಇಷ್ಟಪಟ್ಟದ್ದು ಅದೇ. ದುಬಾರಿ ಮೀನನ್ನು ಒಂದು ತುಂಡು ತಿಂದು ಬದಿಗಿಟ್ಟರು.

ಘೀ ರೋಸ್ಟ್ ಕುಂದಾಪುರದ ಕಡೆಯದು. ಕೋಳಿಯದೋ ಸಿಗಡಿಯದೋ ಒಂದು ಪ್ಲೇಟ್ ಸಾಕು, ತುಪ್ಪದಲ್ಲಿ ಬೇಗ ಹೊಟ್ಟೆ ತುಂಬುತ್ತದೆ. ಏಡಿ ಬೇಡ ಅನ್ನುತ್ತೇನೆ. ಒಡೆದು ತಿನ್ನಲು ಗಂಟೆ ಹಿಡಿಯುತ್ತದೆ, ರೇಷ್ಮೆ ಸೀರೆಗೆ ಮಸಾಲೆ ಬೀಳುತ್ತದೆ. ಅತ್ತಿಗೆ ಸಸ್ಯಾಹಾರಿ. ಅವರಿಗೆ ಬೇರೆ ಬಾಣಲೆಯಲ್ಲಿ ಮಾಡುತ್ತೀರಾ ಅಂತ ಬೆಳಗಿನ ಫೋನಿನಲ್ಲೇ ಕೇಳಿದ್ದೆವು. ಗೋಡಂಬಿ ಹಾಕಿದ ತೊಂಡೆಕಾಯಿ ಪಲ್ಯ ಮತ್ತು ನೀರ್ ದೋಸೆ ಅವರಿಗೆ ಸಾಕಾಯಿತು.

ಬಿಲ್ ಬಂದಾಗ ಎರಡು ಸಾಲು ಓದಿ. ಸಾಮಾನ್ಯ ರೆಸ್ಟೋರೆಂಟ್‌ಗೆ ಜಿಎಸ್‌ಟಿ 5%. ದಿನಕ್ಕೆ 7,500 ರೂಪಾಯಿ ಮೀರಿದ ಬಾಡಿಗೆಯ ರೂಮುಗಳಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟ್ ಆದರೆ 18%. ದೊಡ್ಡ ಬಿಲ್ಲಿನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಇನ್ನೊಂದು, ಸೇವಾ ಶುಲ್ಕ. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕಂಡರೆ ತೆಗೆಯಿರಿ ಅನ್ನಿ. ಮೀನು ಸುಲಿದು ಬಡಿಸಿದ ಹುಡುಗನಿಗೆ ಕೈಯಲ್ಲಿ ಕೊಡುವುದು ನಿಮ್ಮ ಖುಷಿ.

ಕೇಕ್ ಹೊರಗಿನಿಂದ ತರುವುದಾದರೆ ಮೊದಲೇ ಕೇಳಿ, ಕೆಲವರು ಒಪ್ಪುವುದಿಲ್ಲ. ಹೋಟೆಲಿನ ಸಿಹಿಗೆ ದುಡ್ಡು ಹಾಕುವುದಕ್ಕಿಂತ ಮಂಗಳೂರಿನದೇ ಲಾಲ್‌ಬಾಗ್‌ನ ಪಬ್ಬಾಸ್‌ಗೆ ಹೋಗಿ. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮ್‌ನವರದೇ ಅಂಗಡಿ. ಗಡ್‌ಬಡ್ ಐಸ್‌ಕ್ರೀಮ್ ದೊಡ್ಡ ಗ್ಲಾಸಿನಲ್ಲಿ ಬರುತ್ತದೆ, ಊಟದ ಮೇಲೆ ಇಬ್ಬರಿಗೆ ಒಂದು ಸಾಕು. ಭಾನುವಾರ ಸಂಜೆ ಕುರ್ಚಿಗೆ ಕಾಯಬೇಕಾಗುತ್ತದೆ, ಕಾರು ನಿಲ್ಲಿಸಲು ಜಾಗವೂ ಕಷ್ಟ. ಊಟ ಮುಗಿಸಿ ನೇರ ನಾಲ್ಕು ಗಂಟೆಯೊಳಗೆ ಆಟೋದಲ್ಲಿ ಹೋದರೆ ಆರಾಮ.